ಅಕ್ಕಿ ಹೆಚ್ಚ್ಯಾವ

ಶುಕ್ರವಾರ ಬೆಳಗ್ಗೆ ಸುಂಕಲಮ್ಮ ಅಕ್ಕಿ ಗಡಿಗೆಗೆ ಕೈ ಹಾಕಿದಾಗ ಉಗುರು ತಳಕ್ಕೆ ತಾಗಿ ಕರ್ ಎಂದಿತು. ಒಲೆ ಮುಂದೆ ಕೂತಿದ್ದ ಸೊಸೆ ಸುಮಂಗಲಾಗೆ ಆ ಸದ್ದು ಕೇಳಿಸಿತು. ಆದರೂ ಮುದುಕಿ ಹಿಡಿ ತುಂಬ ಅಕ್ಕಿ ತೆಗೆದು, ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮೊಮ್ಮಗಳು ದೇವಿಕಾಳ ಪುಸ್ತಕದ ಚೀಲಕ್ಕೆ ಹಾಕಿದಳು.

"ಅತ್ತೀ, ಅದು ನಾಳಿನ ಅಕ್ಕಿ," ಎಂದಳು ಸುಮಂಗಲಾ.

"ನಾಳಿಂದು ನಾಳಿಗೆ."

"ನಾಳಿಗೇನು ನಿಮ್ಮ ಗಡಿಗಿ ಮರಿ ಹಾಕತೈತಾ?"

ಕೊಡುವ ಮನೆಯ ಕೈ ಕಟ್ಟಬಾರದು, ಹುಡುಗಿ ಬರಿಗೈಲಿ ಶಾಲೆಗೆ ಹೋಗಬಾರದು ಎಂದು ತನ್ನಷ್ಟಕ್ಕೆ ಗೊಣಗುತ್ತ ಸುಂಕಲಮ್ಮ ಗಡಿಗೆಯ ಬಾಯಿಗೆ ತಟ್ಟೆ ಮುಚ್ಚಿದಳು.

ದೇವಿಕಾ ಆರನೇ ಕ್ಲಾಸು. ಅವಳು ಹೋಗುವುದು ಸಿಸ್ಟರ್ ಸಾಲಿಗೆ. ಎಮ್ಮಿಗನೂರು ದಾಟಿ ಕಾಲುವೆ ದಂಡೆ ಹಿಡಿದು ಹೋದರೆ ಸಿಗುವ ಅವರ ಊರಿನಲ್ಲಿ ಕ್ರೈಸ್ತರ ಮನೆಗಳು ನಾಲ್ಕೇ. ಶಾಲೆ ಮಾತ್ರ ಎಲ್ಲರದು. ತಗಡಿನ ಮಾಡು, ಏಳು ಕೋಣೆ, ಒಂದು ಬೇವಿನ ಮರ, ಮರದ ಕೆಳಗೆ ಮರಿಯಮ್ಮನ ಮೂರ್ತಿ. ಮೂರ್ತಿಯ ಎದುರಿನ ವರಾಂಡದಲ್ಲಿ ಒಂದು ದೊಡ್ಡ ತಗಡಿನ ಡಬ್ಬ. ಶುಕ್ರವಾರಕ್ಕೊಮ್ಮೆ ಪ್ರತಿ ಮಗು ಮನೆಯಿಂದ ಒಂದು ಹಿಡಿ ಅಕ್ಕಿ ತಂದು ಅದರಲ್ಲಿ ಸುರಿಯಬೇಕು. ತಿಂಗಳ ಕೊನೆಗೆ ಆ ಅಕ್ಕಿಯನ್ನು ಚೀಲಗಳಿಗೆ ತುಂಬಿ, ಊರಿನಲ್ಲಿ ಒಲೆ ಹತ್ತದ ಮನೆಗಳಿಗೆ ಕೊಡುತ್ತಾರೆ. ಜಾತಿ ಕೇಳುವುದಿಲ್ಲ, ಯಾವ ದೇವರು ಎಂದೂ ಕೇಳುವುದಿಲ್ಲ. ಯಾರಿಗೆ ಕೊಟ್ಟರು ಎಂದು ಹೇಳುವುದಿಲ್ಲ. ಹೇಳದಿದ್ದರೂ ಊರಿಗೆ ತಿಳಿಯುತ್ತದೆ. ಇನ್ನೂರು ಮನೆಯ ಅಕ್ಕಿ ಒಂದೇ ಡಬ್ಬಕ್ಕೆ ಬಿದ್ದರೆ ಸೋನಾ ಮಸೂರಿ, ರೇಷನ್ ಅಕ್ಕಿ, ನುಚ್ಚು ಎಲ್ಲ ಕಲಸಿಹೋಗುತ್ತವೆ. ಅನ್ನ ಮಾಡಿದರೆ ಒಂದು ಅಗುಳು ಬೆಂದಿರುತ್ತದೆ, ಇನ್ನೊಂದು ಬೆಂದಿರುವುದಿಲ್ಲ. ತಟ್ಟೆ ನೋಡಿದರೆ ಸಾಕು, ಎಲ್ಲಿಯ ಅಕ್ಕಿ ಎಂದು ಗೊತ್ತಾಗುತ್ತದೆ.

ಸುಂಕಲಮ್ಮನ ಮಗ ಹಂಪೇಶ್ ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ. ದಸರಾ ಮುಗಿದ ವಾರ ಚೀಲ ಹೊತ್ತು ಲಾರಿ ಹತ್ತುವಾಗ ಹಲಗೆ ಜಾರಿತು, ಸೊಂಟ ಹಿಡಿಯಿತು. ಮೂರು ತಿಂಗಳು ಭಾರ ಎತ್ತಬೇಡ ಎಂದು ಬಳ್ಳಾರಿಯ ಡಾಕ್ಟರು ಹೇಳಿ ಕಳಿಸಿದರು. ಅಂದಿನಿಂದ ಅವನು ಪಡಸಾಲೆಯಲ್ಲಿ ಹಲಗೆಯ ಮೇಲೆ ಚಾಪೆ ಹಾಸಿ ಮಲಗಿದ್ದ. ಹದಿನೈದು ವರ್ಷ ಊರವರ ಅಕ್ಕಿಯನ್ನೆಲ್ಲ ಬೆನ್ನ ಮೇಲೆ ಹೊತ್ತವನ ಮನೆಯಲ್ಲಿ ಈಗ ಗಡಿಗೆಯ ತಳ ಉಗುರಿಗೆ ಸಿಗುತ್ತಿತ್ತು. ಅದೂ ಸುಗ್ಗಿಯ ಕಾಲದಲ್ಲಿ. ಸುತ್ತ ನೋಡಿದತ್ತ ಭತ್ತ. ರಸ್ತೆಯ ಮೇಲೆ ಭತ್ತ ಹರವಿದ್ದರು, ಬಸ್ಸು ಅದರ ಮೇಲೇ ಹೋಗುತ್ತಿತ್ತು.

ರೇಷನ್ ಕಾರ್ಡಿನದು ಇನ್ನೊಂದು ಕಥೆ. ಸುಮಂಗಲಾಳ ತವರು ಸಂಡೂರಿನ ಹತ್ತಿರದ ಯಶವಂತನಗರ. ಅವಳ ತಮ್ಮ ಪಂಪೇಶ್ ಅಲ್ಲಿ ಮೈನ್ಸ್ ಕಂಪನಿಯ ಬಸ್ಸು ಓಡಿಸುತ್ತಾನೆ. ಹೋದ ವರ್ಷ ಹಳೆ ಕಾರೊಂದು ಕೊಂಡಾಗ, ತನ್ನ ಕಾರ್ಡು ಉಳಿಯಲಿ ಎಂದು ಕಾರನ್ನು ಭಾವನ ಹೆಸರಿಗೆ ಮಾಡಿಸಿದ. ಕಾರಿದ್ದವರಿಗೆ ಬಡವರ ಕಾರ್ಡು ಯಾಕೆ ಎಂದು ಹಂಪೇಶನ ಕಾರ್ಡು ರದ್ದಾಯಿತು. ಆ ಕಾರಿನಲ್ಲಿ ಹಂಪೇಶ್ ಕೂತದ್ದು ಎರಡು ಸಲ. ಆಮೇಲೆ ಹೆಸರು ತೆಗೆಸಿದರೂ ಹೊಸ ಕಾರ್ಡು ಬರಲಿಲ್ಲ. ಇವತ್ತು ಬಾ, ನಾಳೆ ಬಾ ಆಯಿತು. ಮನೆಯಲ್ಲಿ ಯಾವ ಜಗಳ ಎಲ್ಲಿಂದ ಶುರುವಾದರೂ ಕೊನೆಗೆ ಆ ಕಾರಿನ ಹತ್ತಿರ ಬಂದು ನಿಲ್ಲುತ್ತಿತ್ತು.

"ನಿನ್ನ ತಮ್ಮನ ಕಾರು ಎಲ್ಲಿಗೂ ಹೋಗಲಿಲ್ಲ ನೋಡು, ನಮ್ಮ ಗಡಿಗಿ ಮ್ಯಾಲ ಹತ್ತಿ ಹೋತು," ಎನ್ನುತ್ತಿದ್ದಳು ಸುಂಕಲಮ್ಮ.

ಆ ಮಾತು ನಿಜವಾಗಿತ್ತು. ನಿಜವಾದ್ದಕ್ಕೇ ಸುಮಂಗಲಾಗೆ ಸಿಟ್ಟು ಹೆಚ್ಚು. ಕೊಯ್ಲಿಗೆ ಮಷೀನು ಬಂದ ಮೇಲೆ ಊರಲ್ಲಿ ಹೆಣ್ಣಾಳಿಗೆ ಕೆಲಸ ಕಡಿಮೆ. ವಾರಕ್ಕೆ ಮೂರು ದಿನ ಟಂಟಂ ಗಾಡಿ ಹತ್ತಿ ದೂರದ ಎರೆ ಹೊಲಗಳಿಗೆ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಆ ಕೂಲಿ ಹಂಪೇಶನ ಗುಳಿಗೆಗೆ, ಬಳ್ಳಾರಿಯ ಬಸ್ಸಿಗೆ, ಎಣ್ಣೆ ಕಾಯಿಪಲ್ಲೆಗೆ ಮುಗಿಯುತ್ತಿತ್ತು. ದೇವಿಕಾಳ ಮಧ್ಯಾಹ್ನದ ಊಟ ಶಾಲೆಯಲ್ಲೇ ಆಗುತ್ತಿತ್ತು, ಅದೊಂದು ಪುಣ್ಯ. ಸುಂಕಲಮ್ಮ ಸೋಮವಾರ ಒಂದೊತ್ತು ಎಂದಳು, ಶುಕ್ರವಾರ ಒಂದೊತ್ತು ಎಂದಳು. ಆಮೇಲೆ ಮಂಗಳವಾರವನ್ನೂ ಸೇರಿಸಿಕೊಂಡಳು.

"ಇನ್ನ ನಾಕು ವಾರ ಉಳಿದಾವ ಯವ್ವ, ಅವೂ ದೇವ್ರಿಗೆ ಕೊಟ್ಟುಬಿಡು," ಎಂದ ಹಂಪೇಶ್.

ಏನೇ ಆದರೂ ಸುಂಕಲಮ್ಮ ಒಂದು ಮಾತು ಮಾತ್ರ ಆಡುತ್ತಿರಲಿಲ್ಲ. ಅಕ್ಕಿ ಇಲ್ಲ ಎನ್ನುವ ಮಾತು. ಅವಳ ತಾಯಿ ಕಲಿಸಿದ ಪಾಠ ಅದು. ದೀಪ ಆರಿತು ಎನ್ನಬಾರದು, ದೊಡ್ಡದಾಯಿತು ಎನ್ನಬೇಕು. ಬಳೆ ಒಡೆದವು ಎನ್ನಬಾರದು, ಹೆಚ್ಚಿದವು ಎನ್ನಬೇಕು. ಅಕ್ಕಿ ತೀರಿದರೆ ಅಕ್ಕಿ ಹೆಚ್ಚ್ಯಾವ ಎನ್ನಬೇಕು. ಇಲ್ಲ ಎಂದರೆ ಇಲ್ಲವೇ ಆಗುತ್ತದೆ, ಲಕ್ಷ್ಮಿ ಆ ಮಾತು ಕೇಳಿಸಿಕೊಂಡು ಎದ್ದು ಹೋಗುತ್ತಾಳೆ. ಅರವತ್ತು ದಾಟಿದ ಈ ವಯಸ್ಸಿನವರೆಗೆ ಅಡುಗೆಮನೆಯಲ್ಲಿ ಅವಳ ಬಾಯಿಂದ ಆ ಮಾತು ಬಂದಿರಲಿಲ್ಲ. ಮೈನ್ಸಿನ ಊರಲ್ಲಿ ಬೆಳೆದ ಸುಮಂಗಲಾಗೆ ಇದೆಲ್ಲ ನಗೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಎಣ್ಣೆ ಹೆಚ್ಚೈತಿ ಎಂದಾಗ, ಹೆಚ್ಚಿದ್ದರೆ ನಾಲ್ಕು ಬಜ್ಜಿ ಕರಿಯೋಣ ಎಂದು ಬಾಣಲೆ ಇಟ್ಟಿದ್ದಳು. ಆ ಮಾತು ಹೇಳಿ ಊರವರು ಇನ್ನೂ ನಗುತ್ತಾರೆ.

ಹೋದ ಮೇ ತಿಂಗಳವರೆಗೆ ಶಾಲೆಯ ಮುಖ್ಯಸ್ಥೆಯಾಗಿದ್ದವರು ಸಿಸ್ಟರ್ ಅನ್ನಮ್ಮ. ಕೇರಳದವರು. ಇಪ್ಪತ್ತೆರಡು ವರ್ಷ ಇಲ್ಲೇ ಇದ್ದು, ಇಲ್ಲಿಯವರ ಹಾಗೇ ಬಯ್ಯುವುದನ್ನೂ ಕಲಿತಿದ್ದರು. ಸುಂಕಲಮ್ಮನ ಗಂಡ ಎರ್ರೆಪ್ಪ ತೀರಿಕೊಂಡ ವರ್ಷ, ದಾರಿಯಲ್ಲಿ ಸಿಕ್ಕಾಗ, ಅಕ್ಕಿ ಹೆಚ್ಚ್ಯಾವ ಸಿಸ್ಟರ್ ಎಂದಷ್ಟೇ ಇವಳು ಹೇಳಿದ್ದಳು. ಸಂಜೆಯ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಒಂದು ಚೀಲ ಬಂದು ಕೂತಿತ್ತು. ಸುಂಕಲಮ್ಮ ಎರಡು ಮಧ್ಯಾಹ್ನ ಮೊರದಲ್ಲಿ ಹಾಕಿಕೊಂಡು ಸೋನಾ ಬೇರೆ, ರೇಷನ್ ಬೇರೆ, ನುಚ್ಚು ಬೇರೆ ಎಂದು ಆರಿಸಿ ಬೇಯಿಸಿದ್ದಳು. ಹಾಗಾಗಿ ಆ ವರ್ಷ ಅವರ ತಟ್ಟೆ ಯಾರಿಗೂ ಏನೂ ಹೇಳಲಿಲ್ಲ.

ಸಿಸ್ಟರ್ ಅನ್ನಮ್ಮನಿಗೆ ವರ್ಗವಾಗಿ, ಜೂನ್‌ನಲ್ಲಿ ಸಿಸ್ಟರ್ ಜೆಸಿಂತಾ ಬಂದರು. ಮಂಗಳೂರಿನ ಕಡೆಯವರು, ವಯಸ್ಸು ಮೂವತ್ತೈದು, ಚುರುಕು. ಪುಸ್ತಕದ ಹಾಗೆ ಮಾತಾಡುತ್ತಿದ್ದರು. ಎಲ್ಲದಕ್ಕೂ ಉಂಟು ಉಂಟು ಎನ್ನುತ್ತಿದ್ದುದರಿಂದ ಮಕ್ಕಳು ಅವರಿಗೆ ಉಂಟು ಸಿಸ್ಟರ್ ಎಂದು ಹೆಸರಿಟ್ಟಿದ್ದರು. ಡಬ್ಬದ ಅಕ್ಕಿ ಯಾರಿಗೆ ಹೋಗಬೇಕು ಎನ್ನುವುದನ್ನು ಕೇಳಿದ ಮಾತಿನ ಮೇಲೆ ತೀರ್ಮಾನಿಸುವುದು ಬೇಡ, ತಾನೇ ಮನೆ ಮನೆಗೆ ಹೋಗಿ ನೋಡುತ್ತೇನೆ ಎಂದು ಹೊರಟವರು ಇವರು.

ನವೆಂಬರ್ ಕೊನೆಯ ಒಂದು ಬುಧವಾರ ಸುಂಕಲಮ್ಮನ ಮನೆಗೂ ಬಂದರು. ಸುಮಂಗಲಾ ಹತ್ತಿ ಹೊಲಕ್ಕೆ ಹೋಗಿದ್ದಳು. ಹಂಪೇಶ್ ಗುಳಿಗೆ ನುಂಗಿ ನಿದ್ದೆಹೋಗಿದ್ದ. ಸುಂಕಲಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿ, ಕುಂದ್ರಿ ಸಿಸ್ಟರ್ ಎಂದಳು. ಸಿಸ್ಟರ್ ಮಗನ ಸೊಂಟದ ವಿಷಯ ಕೇಳಿದರು, ದೇವಿಕಾಳ ಅಕ್ಷರ ದುಂಡಗಿದೆ ಎಂದು ಹೊಗಳಿದರು. ಕೊನೆಗೆ ದನಿ ತಗ್ಗಿಸಿ ಕೇಳಿದರು:

"ಅಜ್ಜಿ, ಮನೆಯಲ್ಲಿ ಅಕ್ಕಿ ಉಂಟಾ?"

ಸುಂಕಲಮ್ಮ ಸೆರಗು ಸರಿಮಾಡಿಕೊಂಡಳು. "ಹೆಚ್ಚ್ಯಾವ ಸಿಸ್ಟರ್," ಎಂದಳು.

"ಹೆಚ್ಚಿದೆಯಾ?"

"ಹೂಂ. ಭಾಳ ದಿನಾತು, ಹೆಚ್ಚ್ಯಾವ."

ಸಿಸ್ಟರ್ ಮುಖ ಅರಳಿತು. ದೇವರು ಒಳ್ಳೆಯವರು ಎಂದರು. ಹಾಗಾದರೆ ಕ್ರಿಸ್ಮಸ್‌ಗೆ ಮಕ್ಕಳ ಊಟ ಉಂಟಲ್ಲ, ಅದಕ್ಕೆ ಈ ಮನೆಯಿಂದ ಒಂದೆರಡು ಸೇರು ಕೇಳಬಹುದಾ ಎಂದರು. ಸುಂಕಲಮ್ಮನಿಗೆ ಗೊಂದಲವಾಯಿತು. ಕೊಡುವ ಮುಂಚೆ ಮನಸ್ಸು ನೋಡುವುದು ದೊಡ್ಡವರ ರೀತಿ ಇರಬೇಕು ಎಂದುಕೊಂಡು ಆತು ಎಂದಳು. ಕೇಳಿದವರಿಗೆ ಇಲ್ಲ ಎನ್ನುವುದೂ ಅವಳಿಗೆ ಬರುತ್ತಿರಲಿಲ್ಲ.

ಸಂಜೆ ಸುಮಂಗಲಾ ಬಂದಾಗ, ಸಿಸ್ಟರಿಗೆ ಹೇಳಿದ್ದೇನೆ, ತಿಂಗಳ ಕೊನೆಗೆ ಚೀಲ ಬರುತ್ತದೆ ಎಂದು ಸುಂಕಲಮ್ಮ ಧೈರ್ಯದಿಂದ ಹೇಳಿದಳು. ಬೇಡುವುದು ತಪ್ಪಿತಲ್ಲ ಎಂದು ಸುಮಂಗಲಾಗೂ ಸಮಾಧಾನವಾಯಿತು. ಏನು ಹೇಳಿದಿರಿ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ತಿಂಗಳ ಕೊನೆಯ ಶನಿವಾರ ಶಾಲೆಯ ಆಟೋ ಓಣಿಗೆ ಬಂತು. ಪಕ್ಕದ ಮನೆಯ ದುರ್ಗಕ್ಕನ ಬಾಗಿಲಲ್ಲಿ ನಿಂತಿತು. ದುರ್ಗಕ್ಕ ಗಂಡನಿಲ್ಲದವಳು, ಕಾಲು ಊದಿ ಕೂಲಿ ಬಿಟ್ಟವಳು. ಸುಂಕಲಮ್ಮ ಕಟ್ಟೆಯ ಮೇಲೆ ಕೂತು, ನೋಡದವಳ ಹಾಗೆ ನೋಡುತ್ತಿದ್ದಳು. ಆಟೋ ಅಲ್ಲಿಂದ ತಿರುಗಿಕೊಂಡು ಹೊರಟುಹೋಯಿತು. ಸಿಸ್ಟರ್ ಹೋಗುತ್ತ ಇವಳಿಗೆ ಕೈ ಮಾಡಿದರು. ಇವಳೂ ಕೈ ಮಾಡಿದಳು.

ಅಂದು ರಾತ್ರಿಗೆ ಜೋಳದ ನುಚ್ಚಿನ ಗಂಜಿ. ನಾಳೆ ಬರಬಹುದು ಎಂದಳು ಸುಂಕಲಮ್ಮ. ನಾಳೆ ಬರಲಿಲ್ಲ.

ಸೋಮವಾರ ದೇವಿಕಾ ಓಡಿಕೊಂಡೇ ಮನೆಗೆ ಬಂದಳು. ಬೆಳಗ್ಗೆ ಪ್ರಾರ್ಥನೆಯಲ್ಲಿ ಸಿಸ್ಟರ್ ಎಲ್ಲರ ಮುಂದೆ ಅಜ್ಜಿಯ ಹೆಸರು ಹೇಳಿದರಂತೆ. ದೇವಿಕಾಳ ಅಪ್ಪನಿಗೆ ಕೆಲಸವಿಲ್ಲ, ಆದರೂ ದೇವರು ಆ ಮನೆಯಲ್ಲಿ ಅಕ್ಕಿ ಹೆಚ್ಚಿಸಿದ್ದಾರೆ, ಆ ಅಜ್ಜಿ ಕ್ರಿಸ್ಮಸ್ ಊಟಕ್ಕೆ ಎರಡು ಸೇರು ಕೊಡುತ್ತೇನೆ ಎಂದಿದ್ದಾರೆ, ಕೊಡುವವರು ಹೀಗಿರಬೇಕು ಎಂದರಂತೆ. ಇಡೀ ಶಾಲೆ ಚಪ್ಪಾಳೆ ಹೊಡೆಯಿತಂತೆ. ದೇವಿಕಾಳನ್ನು ಮುಂದೆ ಕರೆದು ನಿಲ್ಲಿಸಿದರಂತೆ.

ಸುಮಂಗಲಾ ಬಟ್ಟೆ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಿದಳು.

"ಅತ್ತೀ, ಅವತ್ತು ಸಿಸ್ಟರಿಗೆ ಏನಂತ ಹೇಳಿದ್ರಿ?"

"ಹೇಳೂದೇನು? ಅಕ್ಕಿ ಹೆಚ್ಚ್ಯಾವ ಅಂದೆ."

ಸುಮಂಗಲಾ ಹಸಿ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. ನೀರು ಹಂಪೇಶನ ಚಾಪೆಯವರೆಗೆ ಸಿಡಿಯಿತು. "ಅವ್ರು ಮಂಗಳೂರಿನವ್ರು. ಹೆಚ್ಚ್ಯಾವ ಅಂದ್ರ ಜಾಸ್ತಿ ಅದಾವ ಅಂತ ತಿಳಕೊಂಡಾರ. ನಾನೇ ತಿಳಕೊಂಡಿದ್ದಿಲ್ಲೇನು, ಎಣ್ಣಿ ಹೆಚ್ಚೈತಿ ಅಂದಾಗ?"

"ಸಿಸ್ಟರ್ ಅನ್ನಮ್ಮಗ ತಿಳೀತಿತ್ತು."

"ಅನ್ನಮ್ಮ ಇದ್ದಿದ್ರ ತಿಳೀತಿತ್ತು. ಅನ್ನಮ್ಮ ಇಲ್ಲ. ಅಕ್ಕಿನೂ ಇಲ್ಲ. ನಾಲಿಗಿ ಹೊಳ್ಳತೈತಿ ನೋಡ್ರಿ, ನಾ ಅಂದೆ, ಏನಾತು? ಮನಿ ಬಿತ್ತಾ?"

ಸುಂಕಲಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ದೀಪದ ಹೊತ್ತಿನಲ್ಲಿ ಆಡುವ ಮಾತೇ ಇದು, ಇಂಥ ಬಾಯಿ ಇರುವುದಕ್ಕೇ ಮನೆ ಹೀಗಾಗಿದೆ ಎಂದಳು. ನನ್ನ ಬಾಯಿಂದ ಅಲ್ಲ, ನಿಮಗೆ ಬಾಯಿ ಇಲ್ಲದ್ದರಿಂದ ಎಂದಳು ಸುಮಂಗಲಾ. ಅಲ್ಲಿಂದ ಜಗಳ ಕಾರಿಗೆ ಬಂತು. ಕಾರಿನಿಂದ ಸುಮಂಗಲಾಳ ಅಪ್ಪನ ಕುಡಿತಕ್ಕೆ ಹೋಯಿತು. ಅಲ್ಲಿಂದ ಮದುವೆಯಲ್ಲಿ ಬಡಿಸಿದ ನೀರು ಸಾರಿಗೆ ಹೋಯಿತು. ಹಂಪೇಶ್ ಗೋಡೆಯ ಕಡೆ ಹೊರಳಲು ನೋಡಿದ, ಸೊಂಟ ಬಿಡಲಿಲ್ಲ.

"ಇಬ್ರೂ ಸುಮ್ನಿರ್ರಿ," ಎಂದು ಕೂಗಿದ. "ಎದ್ದು ಹೋಗಾಕ ಕಾಲಿಲ್ಲದವನ ಮುಂದ ಜಗಳ ಆಡತೀರಲ್ಲ."

ನಾಳೆ ಬೆಳಗ್ಗೆ ತಾನೇ ಶಾಲೆಗೆ ಹೋಗಿ, ಬಿಡಿಸಿ ಹೇಳಿ ಬರುತ್ತೇನೆ ಎಂದಳು ಸುಮಂಗಲಾ. ಆಗ ಇಷ್ಟು ಹೊತ್ತು ಬಾಗಿಲ ಹತ್ತಿರ ಚೀಲ ಹೆಗಲಿನಲ್ಲೇ ಇಟ್ಟುಕೊಂಡು ನಿಂತಿದ್ದ ದೇವಿಕಾ ಬಾಯಿ ಬಿಟ್ಟಳು.

"ಹೇಳಬ್ಯಾಡವ್ವ."

"ಯಾಕ?"

"ಎಲ್ಲಾರೂ ಚಪ್ಪಾಳಿ ಹೊಡದಾರ. ಈಗ ಹೇಳಿದ್ರ ನಾವು ಸುಳ್ಳ ಹೇಳಿದಂಗ ಆಗತೈತಿ. ನಾ ಸಾಲಿಗೆ ಹೋಗಂಗಿಲ್ಲ ನೋಡು ಮತ್ತ."

ಸುಮಂಗಲಾ ಮಗಳ ಮುಖ ನೋಡಿದಳು. ದಸರಾದಿಂದ ಈಚೆಗೆ ಆ ಮುಖ ಇವತ್ತೊಂದು ದಿನ ಅರಳಿತ್ತು. ಅವಳು ಮತ್ತೆ ಬಟ್ಟೆ ತೆಗೆದುಕೊಂಡು ಹಿಂಡಿದಳು. ಮರುದಿನ ಶಾಲೆಗೆ ಹೋಗಲಿಲ್ಲ, ಹತ್ತಿ ಹೊಲಕ್ಕೆ ಹೋದಳು. ಮಾನ ಉಳಿಸಿಕೊಳ್ಳುವ ಕೆಲಸಕ್ಕೆ ಮನೆಯಲ್ಲಿ ಮೂರು ತಲೆಮಾರು ಸೇರಿತ್ತು. ಹೊಟ್ಟೆಯ ಪರ ಮಾತಾಡುವವರು ಯಾರೂ ಉಳಿಯಲಿಲ್ಲ.

ಡಿಸೆಂಬರ್ ಹಾಗೇ ಸವೆಯಿತು. ಕೂಲಿ ಬಂದ ದಿನ ಸುಮಂಗಲಾ ಅಂಗಡಿಯಿಂದ ಒಂದು ಕಿಲೋ ನುಚ್ಚು ತರುತ್ತಿದ್ದಳು. ಅದನ್ನು ಎರಡು ದಿನಕ್ಕೆ ಗಂಜಿ, ಮೂರನೇ ದಿನಕ್ಕೆ ಗಂಜಿಯ ತಿಳಿ ಮಾಡುತ್ತಿದ್ದಳು. ಹಂಪೇಶ್ ಮಿಲ್ಲಿನ ಜೊತೆಯವರಿಗೆ ಫೋನ್ ಮಾಡಿದ. ಅವರು ಒಂದು ಸಲ ಐದು ಕಿಲೋ ತಂದುಕೊಟ್ಟರು, ಎರಡನೇ ಸಲ ಫೋನ್ ಎತ್ತಲಿಲ್ಲ. ಅವರನ್ನು ಬಯ್ಯುವಂತಿಲ್ಲ, ಅವರ ಮನೆಗಳೂ ಇಂಥವೇ. ಶುಕ್ರವಾರದ ಹಿಡಿ ಅಕ್ಕಿ ಮಾತ್ರ ತಪ್ಪಲಿಲ್ಲ. ಅತ್ತೆ ಸೊಸೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು. ನೀರು ಬಂತು. ಒಲೆ ಆರಿತು. ಅವನಿಗೆ ಗುಳಿಗೆ ಕೊಟ್ಟೆಯಾ. ಅಷ್ಟೇ.

ಕ್ರಿಸ್ಮಸ್‌ಗೆ ಐದು ದಿನ ಇರುವಾಗ ದೇವಿಕಾ ನೆನಪಿಸಿದಳು, ಶುಕ್ರವಾರ ಎರಡು ಸೇರು ಒಯ್ಯಬೇಕು. ಸಿಸ್ಟರ್ ಕೇಳಿದ್ದಾರೆ.

ಸುಂಕಲಮ್ಮ ಎರಡು ದಿನ ಯೋಚಿಸಿದಳು. ಗುರುವಾರ ಮಧ್ಯಾಹ್ನ, ಸುಮಂಗಲಾ ಇಲ್ಲದ ಹೊತ್ತು ನೋಡಿ, ಸೆರಗಿನಲ್ಲಿ ಸೇರು ಮುಚ್ಚಿಕೊಂಡು ದುರ್ಗಕ್ಕನ ಮನೆಗೆ ಹೋದಳು. ಎರಡು ಸೇರು ಕಡ ಕೊಡು, ಸಂಕ್ರಾಂತಿಗೆ ಕೊಡುತ್ತೇನೆ ಎಂದಳು. ದುರ್ಗಕ್ಕ ಒಂದೂ ಮಾತು ಕೇಳದೆ ಒಳಗೆ ಹೋಗಿ ಅಳೆದು ತಂದಳು. ಸೇರಿಗೆ ಬಿದ್ದ ಅಕ್ಕಿ ನೋಡಿದ ಕೂಡಲೆ ಸುಂಕಲಮ್ಮನಿಗೆ ತಿಳಿಯಿತು. ಸೋನಾ, ರೇಷನ್, ನುಚ್ಚು. ಶಾಲೆಯ ಡಬ್ಬದ ಅಕ್ಕಿ.

ದುರ್ಗಕ್ಕ ಅವಳ ಮುಖ ನೋಡಿದಳು. ಅವಳು ದುರ್ಗಕ್ಕನ ಮುಖ ನೋಡಿದಳು.

"ಅಂಗಡಿಯಾಂವ ಕಲಸಿ ಕೊಟ್ಟಾನ ನೋಡವ್ವ," ಎಂದಳು ದುರ್ಗಕ್ಕ.

"ಈಗಿನ ಅಂಗಡಿಯವ್ರ ಹಂಗ," ಎಂದಳು ಸುಂಕಲಮ್ಮ.

ಮನೆಗೆ ಬಂದು ಮೊರದ ತುಂಬ ಹರವಿ ಆರಿಸಲು ಕೂತಳು. ಡಬ್ಬದ ಅಕ್ಕಿ ಡಬ್ಬಕ್ಕೇ ಹೋದರೂ ಹಾಗೆಂದು ಯಾರಿಗೂ ತಿಳಿಯಬಾರದು. ರೇಷನ್ ಕಾಳು ತೆಗೆದಳು, ನುಚ್ಚು ಕೇರಿದಳು. ನಡುನಡುವೆ ಕೆಂಪಗೆ ದಪ್ಪಗೆ ಒಂದೊಂದು ಕಾಳು ಬರುತ್ತಿತ್ತು, ಇದ್ಯಾವ ತಳಿಯೋ ಎಂದು ಅದನ್ನೂ ತೆಗೆದಳು. ಎರಡೂ ಕಣ್ಣಿನಲ್ಲಿ ಪೊರೆ. ಹೊತ್ತು ಇಳಿದಾಗ ಕೆಂಪು ಬಿಳುಪು ಒಂದೇ ಆಯಿತು. ಹೋದದ್ದು ಹೋಯಿತು, ಉಳಿದದ್ದು ಉಳಿಯಿತು. ಸುಮಂಗಲಾ ಬಂದು ನೋಡಿದಳು.

"ಯಾರ ಅಕ್ಕಿ?"

"ದುರ್ಗಕ್ಕಂದು."

"ಕಡ ತಂದು ದಾನ ಮಾಡಾಕತ್ತೀರೇನು?" ಎಂದಳು ಸುಮಂಗಲಾ. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಕೈಕಾಲು ತೊಳೆದು, ಎದುರಿಗೆ ಕೂತು ತಾನೂ ಆರಿಸತೊಡಗಿದಳು. ಅತ್ತೆ ತೆಗೆದಿಟ್ಟ ನುಚ್ಚು, ರೇಷನ್ ಕಾಳುಗಳನ್ನು ರಾತ್ರಿ ಗಂಜಿ ಮಾಡಿದಳು. ಕಡಿಮೆಯಾದ ಅಳತೆಗೆ ಮನೆಯಲ್ಲಿ ಉಳಿದಿದ್ದ ಅಕ್ಕಿಯನ್ನೆಲ್ಲ ಸೇರಿಸಿ ಎರಡು ಸೇರು ತುಂಬಿಸಿದಳು.

ಶುಕ್ರವಾರ ವರಾಂಡದಲ್ಲಿ ಸಿಸ್ಟರ್ ಜೆಸಿಂತಾ ತಾವೇ ನಿಂತು ದೇವಿಕಾಳ ಗಂಟು ಬಿಚ್ಚಿದರು. ಡಬ್ಬಕ್ಕೆ ಸುರಿಯಲು ಹೋದವರ ಕೈ ನಿಂತಿತು. ಅಕ್ಕಿಯಲ್ಲಿ ಏಳೆಂಟು ಕೆಂಪು ಕಾಳು. ಅದು ಕುಚ್ಚಲಕ್ಕಿ. ಕಂಪ್ಲಿ ಸೀಮೆಯಲ್ಲಿ ಯಾರೂ ಅದನ್ನು ಬೆಳೆಯುವುದಿಲ್ಲ, ಉಣ್ಣುವುದೂ ಇಲ್ಲ. ಮಂಗಳೂರಿನಿಂದ ಅವರ ತಾಯಿ ಕಳಿಸಿದ್ದು. ಮಕ್ಕಳು ಹಾಕುವಾಗ ತಾನೂ ಹಾಕಬೇಕು ಎಂದು ಅವರು ಶುಕ್ರವಾರ ಒಂದು ಹಿಡಿ ಆ ಡಬ್ಬಕ್ಕೆ ಹಾಕುತ್ತಿದ್ದರು. ಡಬ್ಬದಿಂದ ಒಂಬತ್ತು ಮನೆಗೆ ಹೋದ ಅಕ್ಕಿ ಅದು. ಅಕ್ಕಿ ಹೆಚ್ಚಿರುವ ಮನೆಯಿಂದ ಅದು ವಾಪಸ್ ಬಂದಿತ್ತು.

ಎಲ್ಲಿಯ ಅಕ್ಕಿ ಮಗು ಎಂದರು. ದುರ್ಗಕ್ಕನ ಮನೆಯದು ಎಂದಳು ದೇವಿಕಾ. ಅಷ್ಟು ಹೇಳಿ ಅಳಲು ಶುರುಮಾಡಿದಳು. ಸಿಸ್ಟರ್ ಅವಳನ್ನು ಕ್ಲಾಸಿಗೆ ಕಳಿಸಿ, ಅಡುಗೆ ಕೋಣೆಯ ದ್ಯಾಮಕ್ಕನನ್ನು ಕೇಳಿದರು, ಅಕ್ಕಿ ಹೆಚ್ಚ್ಯಾವ ಅಂದರೆ ಏನು ಎಂದು. ದ್ಯಾಮಕ್ಕ ನಕ್ಕಳು. ಸಿಸ್ಟರ್ ಮುಖ ನೋಡಿದ ಮೇಲೆ ನಗೆ ನಿಲ್ಲಿಸಿ, ಬಿಡಿಸಿ ಹೇಳಿದಳು.

ಶಾಲೆ ಬಿಟ್ಟ ಮೇಲೆ ಸಿಸ್ಟರ್ ದೇವಿಕಾಳ ಜೊತೆ ನಡೆದೇ ಬಂದರು. ಕಟ್ಟೆಯ ಮೇಲೆ ಕೂರಲಿಲ್ಲ, ಪಡಸಾಲೆಗೆ ಬಂದು ನೆಲದ ಮೇಲೆ ಕೂತರು. ಸುಂಕಲಮ್ಮ ಚಾಪೆ ತರಲು ಎದ್ದವಳು ಅವರ ಮಾತಿಗೆ ನಿಂತಳು.

"ಅಜ್ಜಿ, ಶಾಲೆಯ ಡಬ್ಬದಲ್ಲಿ ಅಕ್ಕಿ ಹೆಚ್ಚಿದೆ."

ಒಳಗಿದ್ದ ಸುಮಂಗಲಾಗೆ ಕೇಳಿಸಿತು. ಅವಳು ದೊಡ್ಡ ಪಾತ್ರೆ ಹಿಡಿದುಕೊಂಡೇ ಹೊರಗೆ ಬಂದಳು. ಮುಖದಿಂದ ಒಂದು ತಿಂಗಳ ದಣಿವು ಇಳಿದಿತ್ತು. ಸುಂಕಲಮ್ಮ ಸಿಸ್ಟರ್ ಅವರ ಕೈ ನೋಡಿದಳು, ಕೈಯಲ್ಲಿ ಆ ಹಳೆ ಪಂಚೆಯ ಗಂಟು ಬಿಟ್ಟು ಬೇರೇನೂ ಇರಲಿಲ್ಲ. ಕಣ್ಣು ನೋಡಿದಳು.

"ಪಾತ್ರಿ ಒಳಗಿಡು," ಎಂದಳು ಸೊಸೆಗೆ.

"ಯಾಕ್ರಿ?"

"ಅವ್ರು ನಮ್ಮ ಮಾತಿನಾಗ ಹೇಳಾಕತ್ತಾರ."

ಸಿಸ್ಟರ್ ತಲೆ ಆಡಿಸಿದರು. ದ್ಯಾಮಕ್ಕ ಇವತ್ತು ಕಲಿಸಿದಳು ಎಂದರು. ಕ್ರಿಸ್ಮಸ್ ಬಂತೆಂದು ಈ ತಿಂಗಳ ಅಕ್ಕಿಯನ್ನು ನಿನ್ನೆಯೇ ಹಂಚಿ ಮುಗಿಸಿದ್ದರು. ಉಳಿದದ್ದು ಕ್ರಿಸ್ಮಸ್ ಊಟದ್ದು, ಇನ್ನೂರು ಮಕ್ಕಳದ್ದು, ಅದನ್ನು ಮುಟ್ಟುವ ಹಾಗಿರಲಿಲ್ಲ. ತಪ್ಪು ತನ್ನದು, ಎಲ್ಲರ ಮುಂದೆ ಹೆಸರು ಹೇಳಿದ್ದು ಇನ್ನೂ ದೊಡ್ಡ ತಪ್ಪು ಎಂದರು. ಆಮೇಲೆ ಕೇಳಿದರು:

"ಆದರೂ ಒಂದು ಮಾತು ಅಜ್ಜಿ. ಅವತ್ತೇ ಇಲ್ಲ ಅಂತ ಯಾಕೆ ಹೇಳಲಿಲ್ಲ?"

ಹಂಪೇಶ್ ಚಾಪೆಯ ಮೇಲಿನಿಂದಲೇ ಹೇಳಿದ: "ಆ ಮಾತು ನಮ್ಮವ್ವನ ಬಾಯಾಗ ಹುಟ್ಟಂಗಿಲ್ಲ ಸಿಸ್ಟರ್. ನಮ್ಮಪ್ಪ ಸತ್ತ ಮ್ಯಾಲ ಯಾರೋ ಬಂದು ಎರ್ರೆಪ್ಪ ಇದ್ದಾನೇನು ಅಂದ್ರ, ಊರಿಗೆ ಹೋಗ್ಯಾನ ಅಂದಾಕಿ ಆಕಿ."

ಸುಂಕಲಮ್ಮ ಗೋಡೆಗೆ ಒರಗಿ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಒಲೆಯ ಕಡೆ ಒಮ್ಮೆ ನೋಡಿದಳು, ಅಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವ ಹಾಗೆ.

"ಇಲ್ಲ ಸಿಸ್ಟರ್," ಎಂದಳು. "ಅಕ್ಕಿ ಇಲ್ಲ. ಒಂದು ತಿಂಗಳಾತು, ಇಲ್ಲ."

ಹೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಸಿಸ್ಟರ್ ಗಂಟನ್ನು ಅವಳ ಮುಂದೆ ಇಟ್ಟರು. ಇದು ನಿಮ್ಮದು, ಇಟ್ಟುಕೊಳ್ಳಿ ಎಂದರು. ಸುಮಂಗಲಾ ಒಪ್ಪಲಿಲ್ಲ. ಅದು ನಮ್ಮದಲ್ಲ, ದುರ್ಗಕ್ಕನದು ಎಂದಳು. ದುರ್ಗಕ್ಕನಿಗೆ ಕೊಟ್ಟದ್ದು ನಾನೇ ಎಂದರು ಸಿಸ್ಟರ್. ಕೊಟ್ಟ ಮೇಲೆ ಅದು ಅವಳದು, ಅವಳಿಗೇ ತಿರುಗಿ ಹೋಗಬೇಕು ಎಂದಳು ಸುಮಂಗಲಾ. ಡಬ್ಬಕ್ಕೆ ಕೊಡುತ್ತೇನೆ ಎಂದ ಮಾತು ಏನಾಯಿತು ಎಂದಳು ಸುಂಕಲಮ್ಮ. ಗಂಟು ನಡುವೆ ಕೂತಿತ್ತು. ಹಂಪೇಶ್ ಮೊಣಕೈ ಊರಿ ಅರ್ಧ ಎದ್ದ.

"ಮೊದ್ಲು ಒಲಿ ಮ್ಯಾಲ ಇಡ್ರಿ. ಯಾರ ಅಕ್ಕಿ ಅಂತ ಉಂಡ ಮ್ಯಾಲ ಜಗಳ ಆಡೂಣು."

ಸುಮಂಗಲಾ ಒಲೆ ಹೊತ್ತಿಸಿದಳು. ಅರ್ಧ ಅಕ್ಕಿ ತೊಳೆದು ಇಟ್ಟಳು. ಅಷ್ಟು ಹೊತ್ತಿನಲ್ಲಿ ಸಿಸ್ಟರ್ ಕಾರ್ಡಿನ ಕಾಗದಗಳನ್ನೆಲ್ಲ ತರಿಸಿ ನೋಡಿದರು. ತಮಗೆ ಇದರಲ್ಲಿ ಏನೂ ತಿಳಿಯುವುದಿಲ್ಲ, ಆದರೆ ಸೋಮವಾರ ಜೊತೆಗೆ ಬಂದು ಕಚೇರಿಯಲ್ಲಿ ಕೂರುತ್ತೇನೆ ಎಂದರು. ದೇವಿಕಾ ಅವರ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು:

"ಪ್ರಾರ್ಥನಿಯಾಗ ಹೇಳ್ತೀರೇನು ಸಿಸ್ಟರ್?"

"ಇಲ್ಲ," ಎಂದರು ಸಿಸ್ಟರ್.

ಅನ್ನ ಇಳಿಸಿದಾಗ ಬಿಳಿ ಅಗುಳು ಮೆತ್ತಗಾಗಿದ್ದವು, ಕೆಂಪು ಕಾಳು ಹಾಗೇ ಗಟ್ಟಿಯಾಗಿ ನಿಂತಿದ್ದವು. ಅದಕ್ಕೆ ಇನ್ನೂ ಒಂದು ತಾಸು ಬೇಕು ಎಂದರು ಸಿಸ್ಟರ್. ಒಂದು ತಾಸು ಕಾಯುವವರು ಅಲ್ಲಿ ಯಾರೂ ಇರಲಿಲ್ಲ. ಸುಂಕಲಮ್ಮ ಸಿಸ್ಟರ್‌ಗೂ ತಟ್ಟೆ ಹಾಕಿದಳು. ಅವರು ಬೇಡ ಎನ್ನಲು ಬಾಯಿ ತೆರೆದು, ಅವಳ ಮುಖ ನೋಡಿ ತಟ್ಟೆ ಹತ್ತಿರ ಎಳೆದುಕೊಂಡರು. ಎಲ್ಲರೂ ಗಟ್ಟಿ ಕಾಳನ್ನು ಹಲ್ಲಿಗೆ ಸಿಕ್ಕಾಗ ಕಚ್ಚಿ ನುಂಗುತ್ತಿದ್ದರು. ಬರೀ ಅನ್ನ, ಮೇಲೆ ಅದರದೇ ಗಂಜಿ.

"ಅಜ್ಜೀ, ಉಪ್ಪು ಐತೇನು?" ಎಂದಳು ದೇವಿಕಾ.

ಸುಂಕಲಮ್ಮ ಕೂತಲ್ಲಿಂದಲೇ ಕೈ ಚಾಚಿ ಉಪ್ಪಿನ ಭರಣಿ ಎತ್ತಿದಳು. ಅಲ್ಲಾಡಿಸಿದಳು. ಕೆಳಗಿಟ್ಟಳು.

"ಇಲ್ಲ," ಎಂದಳು. ಈ ಸಲ ಒಂದು ಕ್ಷಣವೂ ತಡವಾಗಲಿಲ್ಲ. ಬೇರೆ ಮಾತಿನ ಹಾಗೇ ಅದೂ ಬಂತು.

ಸುಮಂಗಲಾ ತುತ್ತು ಅಲ್ಲೇ ಬಿಟ್ಟು ಅತ್ತೆಯ ಮುಖ ನೋಡಿದಳು. ಇಷ್ಟು ವರ್ಷ ಅವಳ ಬಾಯಲ್ಲಿ ಕೇಳಬೇಕು ಎಂದು ಜಗಳ ಆಡಿದ ಮಾತು. ಕೈ ತೊಳೆದು ಎದ್ದಳು.

"ಹೆಚ್ಚೈತಿ ಅನ್ರಿ ಅತ್ತೀ," ಎಂದಳು. "ಉಪ್ಪಾದ್ರೂ ಹೆಚ್ಚೈತಿ ಅನ್ರಿ."

ಎಂದವಳು ಒಂದು ಬಟ್ಟಲು ತೆಗೆದುಕೊಂಡು ದುರ್ಗಕ್ಕನ ಮನೆಗೆ ಹೋದಳು.